ಇಪ್ಪತ್ತೈದು ನಿಮಿಷ ಹಿಂದಿನ ಕೆಂಪು ಮಿಂಚು

ಮೇ 2, ಶುಕ್ರವಾರ

ಕಾಲು ಊದಿಕೊಂಡಿದೆ, ತಲೆ ಸಿಡಿಯುತ್ತಿದೆ. ಆದರೂ ಬರೆದೇ ಮಲಗುತ್ತೇನೆ. ಬರೆಯದಿದ್ದರೆ ಈ ಸಿಟ್ಟು ಹೊಟ್ಟೆಯಲ್ಲೇ ಉಳಿದು ನಾಳೆ ಯಾರ ಮೇಲಾದರೂ ಹರಿಯುತ್ತದೆ.

ಇವತ್ತು ಕೊಳ್ಳೇಗಾಲದಲ್ಲಿ ಕೆಂಪನಂಜಪ್ಪನವರ ಮಗಳು ಶೃತಿಯ ಮದುವೆ. ಅವರು ಈ ಕಡೆಗೆ ದೊಡ್ಡ ಕುಳ. ಅವರು ಯಾವ ಸ್ಟುಡಿಯೋ ಕರೆಸುತ್ತಾರೋ ಅವರ ನೆಂಟರಿಷ್ಟರೂ ಅದೇ ಸ್ಟುಡಿಯೋ ಕರೆಸುತ್ತಾರೆ. ನಮ್ಮನೆಯವರು ವಿಡಿಯೋ, ನಾನು ಫೋಟೋ. ಬೆಳಿಗ್ಗೆ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಫೋನು ನೋಡಿಕೊಂಡು ಸರಿಹೊಂದಿಸಿದ್ದೆ. ಪ್ರತಿ ಮದುವೆಗೂ ಅದು ನನ್ನ ಕೆಲಸ. ಹಾಗೆ ಮಾಡದಿದ್ದರೆ ಆಮೇಲೆ ಎಲ್ಲವನ್ನೂ ಕ್ರಮಕ್ಕೆ ಕೂರಿಸುವಾಗ ಧಾರೆಗಿಂತ ಮೊದಲೇ ಊಟ ಬಂದುಬಿಡುತ್ತದೆ.

ಹತ್ತೂವರೆ ಒಳಗೆ ಮುಹೂರ್ತ. ಆಮೇಲೆ ರಾಹುಕಾಲ. ತಾಳಿ ತರಬೇಕಾಗಿದ್ದ ಗಂಡಿನ ಸೋದರಮಾವನ ಕಾರು ಯಳಂದೂರು ದಾಟುತ್ತಿದ್ದಂತೆ ಕೆಟ್ಟು ನಿಂತಿತಂತೆ. ಆತ ಬೆವರು ಸುರಿಸಿಕೊಂಡು ಮಂಟಪಕ್ಕೆ ಬಂದಾಗ ಹತ್ತು ಮೂವತ್ತೈದು. ಕೆಂಪನಂಜಪ್ಪ ನೇರವಾಗಿ ನಮ್ಮನೆಯವರ ಹತ್ತಿರ ಬಂದರು.

"ಮೂರ್ತಿ, ವಿಡಿಯೋಲಿ ಟೈಮ್ ಬತ್ತದಲ್ಲ, ಅದ ಇಪ್ಪತ್ತೈದು ನಿಮ್ಷ ಇಂದುಕ್ಕೆ ತಿರುಗಿಸ್ಬುಡು. ಬೀಗರ ಮನೇಲಿ ಅಜ್ಜಮ್ಮ ಅವ್ರೆ, ಚನ್ನಾಜಮ್ಮ. ಆಸ್ಗೆ ಇಡ್ದವ್ರೆ, ಬಂದಿಲ್ಲ. ಆದ್ರೆ ವಿಡಿಯೋ ತರಿಸ್ಕಂಡು ಟೈಮ್ ನೋಡೇ ನೋಡ್ತರೆ."

"ಆಗ್ಲಿ ಯಜಮಾನ್ರೇ" ಎಂದರು ನಮ್ಮನೆಯವರು. ಒಂದು ಗಳಿಗೆ ಯೋಚಿಸಬೇಡವೇ? ತಮ್ಮ ಕ್ಯಾಮೆರಾ ತಿರುಗಿಸಿದ್ದಲ್ಲದೆ, ನನ್ನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡು ತಿರುಗಿಸಿ ವಾಪಸ್ಸು ಕೊಟ್ಟರು. ಕೇಳಲಿಲ್ಲ, ಹೇಳಲಿಲ್ಲ.

ತಾಳಿ ಕಟ್ಟಿದಾಗ ಗೋಡೆ ಗಡಿಯಾರದಲ್ಲಿ ಹತ್ತು ನಲವತ್ತಮೂರು. ವಿಡಿಯೋದಲ್ಲಿ ಹತ್ತು ಹದಿನೆಂಟು. ಮುನ್ನೂರು ಜನರ ಹತ್ತಿರ ಮುನ್ನೂರು ಫೋನು, ಯಾರೂ ನೋಡಲಿಲ್ಲ. ನೋಡಿದವರು ಬಾಯಿ ಬಿಡಲಿಲ್ಲ. ತಡ ಮಾಡಿದ್ದು ಗಂಡಿನ ಕಡೆಯವರೇ ಆದ್ದರಿಂದ ಅವರೂ ತೆಪ್ಪಗಿದ್ದರು. ತಲೆ ತಗ್ಗಿಸಿ ಕೂತಿದ್ದ ಶೃತಿ ಮಾತ್ರ ಒಂದು ಸಲ ಕತ್ತೆತ್ತಿ ಗಡಿಯಾರ ನೋಡಿದಳು. ಪಾಪದ ಹುಡುಗಿ.

ಹನೂರಿಗೆ ವಾಪಸ್ಸು ಬರುವಾಗ ಕೇಳಿದೆ. "ಸುಳ್ಳು ಟೈಮ್ ಆಕ್ಕೊಡದು ಅದ್ಯಾವ ಸೀಮೆ ಫೋಟೋಗ್ರಫಿ ಕಣ್ರಿ?"

"ನಿನ್ ಗಂಟೇನೋಯ್ತು? ಸುಮ್ನೆ ಕೂತ್ಕೊ."

ಗಡಿಯಾರವನ್ನು ನಾಳೆ ಬೆಳಿಗ್ಗೆ ಎದ್ದ ತಕ್ಷಣ ಸರಿ ಮಾಡಬೇಕು. ಈಗ ಆ ಕ್ಯಾಮೆರಾ ಮುಟ್ಟುವ ಮನಸ್ಸೂ ಇಲ್ಲ.

ಮೇ 3, ಶನಿವಾರ, ಕೌದಳ್ಳಿ

ಸಿಕ್ಕಿತು! ಮಾದಪ್ಪಾ, ಸಿಕ್ಕಿಬಿಟ್ಟಿತು ಕಣಪ್ಪಾ!

ಎರಡು ಬೇಸಿಗೆ, ಎಷ್ಟು ಸಾವಿರ ಫೋಟೋ ಅಂತ ಲೆಕ್ಕ ಇಟ್ಟಿಲ್ಲ. ಮೋಡದಿಂದ ಕೆಳಗೆ ಬೀಳುವ ಮಿಂಚು ಎಲ್ಲರಿಗೂ ಗೊತ್ತು. ಅದೇ ಮೋಡದ ನೆತ್ತಿಯಾಚೆ, ವಿಮಾನಗಳೂ ಹೋಗದಷ್ಟು ಎತ್ತರದಲ್ಲಿ, ಇನ್ನೊಂದು ಮಿಂಚು ಕೆಂಪಗೆ ಹುಟ್ಟಿ ರೆಪ್ಪೆ ಬಡಿಯುವುದರೊಳಗೆ ಸತ್ತುಹೋಗುತ್ತದೆ ಅಂತ ಎರಡು ವರ್ಷದ ಹಿಂದೆ ಫೋನಿನಲ್ಲಿ ನೋಡಿದ ದಿನದಿಂದ ನನಗೆ ಅದರದ್ದೇ ಹುಚ್ಚು. ಅದು ಕಾಣಬೇಕಾದರೆ ಮಳೆ ನಮ್ಮ ತಲೆಯ ಮೇಲಿರಬಾರದು, ಇನ್ನೂರು ಕಿಲೋಮೀಟರ್ ದೂರ ಇರಬೇಕು. ಅದಕ್ಕೆ ಕೌದಳ್ಳಿಯ ಅತ್ತೆ ಮನೆಯ ತಾರಸಿ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ತಮಿಳುನಾಡಿನ ತಿರುವಣ್ಣಾಮಲೈ ಕಡೆ ಮಳೆ ಹುಯ್ಯುತ್ತಿರುತ್ತದೆ, ಇಲ್ಲಿ ತಲೆ ಮೇಲೆ ನಕ್ಷತ್ರ.

ಬೆಳಿಗ್ಗೆಯೇ ಅತ್ತೆ ಫೋನ್ ಮಾಡಿದ್ದರು. "ಮೂಡ್ಲಾಗೆ ಮೋಡ ಎದ್ದದೆ, ಬಾ ಕೂಸೆ." ಗಂಟುಮೂಟೆ ಕಟ್ಟಿಕೊಂಡು ಓಡಿ ಬಂದೆ. ನಮ್ಮನೆಯವರು ಮದುವೆ ವಿಡಿಯೋ ಕೂಡಿಸುತ್ತೇನೆ ಅಂತ ಅಂಗಡಿಯಲ್ಲೇ ಉಳಿದರು. ಅವರಿಗೆ ಇದೆಲ್ಲ "ಮೋಡ ಎಣಿಸೋ ಕೆಲಸ".

ರಾತ್ರಿ ತಾರಸಿಯ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಒಂದರ ಹಿಂದೆ ಒಂದು ತಾನಾಗಿಯೇ ತೆಗೆಯಲು ಬಿಟ್ಟು, ಅತ್ತೆಯೂ ನಾನೂ ಚಾಪೆ ಮೇಲೆ ಕೂತೆವು. ದೂರದ ಗುಡ್ಡದ ಹಿಂದೆ ಮೋಡ ಒಳಗಿಂದೊಳಗೇ ಬೆಳಗುತ್ತಿತ್ತು, ಶಬ್ದವೇ ಇಲ್ಲ.

"ಅಯ್ಯೋ, ಕೆಂಪುಗೆ ಏನೋ ಮಿಂಚ್ದಂಗಾಯ್ತಲ್ಲ ಕೂಸೆ!" ಅತ್ತೆ ನನ್ನ ತೊಡೆಗೆ ಬಾರಿಸಿದರು.

ನಾನು ಆ ಕ್ಷಣಕ್ಕೆ ಸೊಳ್ಳೆ ಹೊಡೆಯುತ್ತಿದ್ದೆ. ನನ್ನ ಹಣೆಬರಹ! ಆದರೆ ಕ್ಯಾಮೆರಾ ಸೊಳ್ಳೆ ಹೊಡೆಯುತ್ತಿರಲಿಲ್ಲ. ನಾನೂರು ಫೋಟೋಗಳಲ್ಲಿ ಒಂದೇ ಒಂದು. ರಾಗಿ ಪೈರನ್ನು ಬೇರು ಸಮೇತ ಕಿತ್ತು ಆಕಾಶದಲ್ಲಿ ಎತ್ತಿ ಹಿಡಿದ ಹಾಗೆ, ಮೇಲೆ ಗೊಂಚಲು, ಕೆಳಗೆ ಇಳಿಬಿದ್ದ ಕೆಂಪು ಬೇರುಗಳು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದ ನೀ ತಗ್ದಾ?" ಎಂದು ಕೇಳಿದರು.

"ಊಂ ಅತ್ತೆ, ನಾನೇ."

ಮೇ 5, ಸೋಮವಾರ

ಸ್ಟುಡಿಯೋದ ಕಂಪ್ಯೂಟರಿನಿಂದ ಯಾವ ಫೋಟೋ ಹೊರಗೆ ಬಂದರೂ ಕೆಳಗೆ "ಮೂರ್ತಿ ಡಿಜಿಟಲ್ಸ್, ಹನೂರು" ಅಂತ ಹೆಸರು, ಫೋನ್ ನಂಬರು ತಾನಾಗಿಯೇ ಬೀಳುತ್ತದೆ. ಹಾಗೆ ಬೀಳುವಂತೆ ಮಾಡಿಟ್ಟವಳು ನಾನೇ. ನಿನ್ನೆ ಖುಷಿಯ ಭರದಲ್ಲಿ ಅದನ್ನು ತೆಗೆಯುವುದು ಮರೆತೆ. ನಮ್ಮನೆಯವರು ಹಾಗೇ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾರೆ. ಸಂಜೆ ಹೊತ್ತಿಗೆ ಹನೂರು, ಕೊಳ್ಳೇಗಾಲ ಎಲ್ಲ ಕಡೆ ಅದೇ. "ಸೂಪರ್ ಮೂರ್ತಣ್ಣ", "ಏನ್ ಕೈ ಕಣಣ್ಣ ನಿಂದು".

"ನಾನು ತಗ್ದಿದ್ದು ಅಂತ ಒಂದು ಮಾತು ಆಕಬೋದಿತ್ತಲ್ವಾ?" ಎಂದೆ.

"ಅಂಗ್ಡಿ ಯಾರ್ದು? ಕ್ಯಾಮ್ರಾ ಯಾರ್ದು? ನಂದು ನಿಂದು ಅಂತ ಬೇರೆ ಮಾಡ್ಕಂಡೀಯಾ?"

ಬೇರೆ ಮಾಡಿಕೊಂಡಿಲ್ಲ. ಸುಮ್ಮನಾದೆ. ಆದರೆ ಬರೆದಿಡುತ್ತೇನೆ: ಸುಮ್ಮನಾದದ್ದು ಒಪ್ಪಿಗೆ ಇದ್ದು ಅಲ್ಲ.

ಮೇ 8, ಗುರುವಾರ

ಪತ್ರಿಕೆಯಲ್ಲಿ ಬಂದಿದೆ. "ಹನೂರಿನ ಮೂರ್ತಿ ಕ್ಯಾಮೆರಾಗೆ ಸಿಕ್ಕ ಅಪರೂಪದ ಕೆಂಪು ಮಿಂಚು". ವರದಿಗಾರ ಶಾಂತರಾಜು ಅಂಗಡಿಗೆ ಬಂದಾಗ ಕಾಫಿ ತಂದು ಕೊಟ್ಟವಳು ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮನೆಯವರು, "ಎರಡು ವರ್ಷದಿಂದ ಕಾಯ್ತಾ ಇದ್ದೆ ಸಾ, ತಪಸ್ಸು ಇದ್ದಂಗೆ" ಎಂದುಬಿಟ್ಟರು. ಕಾಫಿ ಲೋಟ ಅವರ ತಲೆ ಮೇಲೆ ಬೋರಲು ಹಾಕಬೇಕಿತ್ತು. ಹಾಕಲಿಲ್ಲ, ಎದುರಿಗೆ ಇನ್ನೊಬ್ಬರಿದ್ದರಲ್ಲ.

ಸಂಜೆ ಕೊಳ್ಳೇಗಾಲದಲ್ಲಿ ಫೋಟೋಗ್ರಾಫರುಗಳೆಲ್ಲ ಸೇರಿ ಶಾಲು ಹೊದಿಸಿದರು. ಆ ಸನ್ಮಾನದ ಫೋಟೋ ತೆಗೆಯಲು ನನ್ನನ್ನೇ ನಿಲ್ಲಿಸಿದರು! ತೆಗೆದೆ. ನಮ್ಮನೆಯವರ ಕಣ್ಣು ಅರ್ಧ ಮುಚ್ಚಿದ್ದ ಫೋಟೋವನ್ನೇ ಆರಿಸಿ ಎಲ್ಲರಿಗೂ ಕಳಿಸಿದ್ದೇನೆ. ಇಷ್ಟಾದರೂ ಮಾಡದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಶಾಲು ಈಗ ಅಂಗಡಿಯ ಕುರ್ಚಿಯ ಬೆನ್ನಿಗೆ ತೂಗಾಡುತ್ತಿದೆ.

ಮೇ 11, ಭಾನುವಾರ

ಬೆಂಗಳೂರಿನಿಂದ ಮಧುಶ್ರೀ ಅನ್ನುವವರ ಫೋನು. ಮಿಂಚಿನ ಮೇಲೆ ಸಂಶೋಧನೆ ಮಾಡುವವರು. ಫೋಟೋದ ಮೇಲಿದ್ದ ನಂಬರಿಗೆ ಮಾಡಿದ್ದಾರೆ, ಅದು ಮೂರ್ತಿಯ ನಂಬರು. ಮೂರ್ತಿ ಫೋನನ್ನು ಸ್ಪೀಕರಿಗೆ ಹಾಕಿ, ಬಾ ಬಾ ಅಂತ ನನಗೆ ಕೈಸನ್ನೆ ಮಾಡಿದರು.

"ಯಾವ ದಿಕ್ಕಿಗೆ ಹಿಡಿದಿದ್ರಿ ಸರ್?"

ಮೂರ್ತಿ ನನ್ನ ಮುಖ ನೋಡಿದರು. "ಪೂರ್ವ" ಎಂದು ಪಿಸುಗುಟ್ಟಿದೆ. "ಪೂರ್ವ ಮೇಡಂ" ಎಂದರು ಗಂಟಲು ಸರಿಮಾಡಿಕೊಂಡು.

"ಒಂದೊಂದು ಫೋಟೋ ಎಷ್ಟು ಸೆಕೆಂಡು?" "ಒಂದು" ಎಂದು ಬೆರಳು ತೋರಿಸಿದೆ. "ಒಂದು ಮೇಡಂ." "ಎಲ್ಲಿಂದ ತೆಗೆದದ್ದು?" ಇದೊಂದಕ್ಕೆ ನನ್ನನ್ನು ಕೇಳಬೇಕಾಗಲಿಲ್ಲ. ತಮ್ಮ ಅಮ್ಮನ ಮನೆ ಎಲ್ಲಿದೆ ಅಂತ ಗೊತ್ತಿತ್ತು.

ಅರ್ಧ ಗಂಟೆ ಹೀಗೇ. ನನ್ನ ಉತ್ತರಗಳು ಅವರ ಬಾಯಿಂದ ಬರುತ್ತಿದ್ದವು, ಆ ಹೆಂಗಸು "ತುಂಬಾ ಚೆನ್ನಾಗಿ ಯೋಚಿಸಿದ್ದೀರಿ ಸರ್" ಅನ್ನುತ್ತಿದ್ದರು. ಫೋನು ಕಿತ್ತುಕೊಂಡು ಕಿರುಚಬೇಕು ಅನ್ನಿಸಿತು. ಹದಿನಾರು ವರ್ಷದಿಂದ ಪಿಸುಗುಟ್ಟಿಯೇ ಅಭ್ಯಾಸವಾದವಳಿಗೆ ಕಿರುಚಲು ಗಂಟಲು ಎಲ್ಲಿಂದ ಬರಬೇಕು?

ಕೊನೆಗೆ ಕೇಳಿದರು. "ಕ್ಯಾಮೆರಾದ ಗಡಿಯಾರ ಸರಿ ಇತ್ತಾ? ಅದು ಬಹಳ ಮುಖ್ಯ. ದೇಶದಲ್ಲಿ ಬೀಳೋ ಮಿಂಚುಗಳ ಸಮಯ, ಜಾಗ ನಮ್ಮಲ್ಲಿ ದಾಖಲಾಗ್ತಾ ಇರುತ್ತೆ. ಅದರ ಜೊತೆ ತಾಳೆ ನೋಡಬೇಕು."

ಮೂರ್ತಿ ನನ್ನ ಕಡೆ ತಿರುಗಿದರು. ನಾನು ಜೋರಾಗಿ ತಲೆ ಆಡಿಸಿದೆ. ಗಡಿಯಾರದ ವಿಷಯದಲ್ಲಿ ನನ್ನ ಕಡೆ ಯಾರೂ ಬೆರಳೆತ್ತಿ ತೋರಿಸುವ ಹಾಗಿಲ್ಲ.

"ಪಕ್ಕಾ ಮೇಡಂ. ಒಂದು ಸೆಕೆಂಡೂ ಎಚ್ಚುಕಮ್ಮಿ ಇಲ್ಲ."

ಮೂಲ ಫೋಟೋವನ್ನು ಆಗಲೇ ಕಳಿಸಿದೆವು. ಕಳಿಸಿದೆವು ಅಂದರೆ, ಕಳಿಸಿದೆ.

ಮೇ 12, ಸೋಮವಾರ

ಮೂರ್ತಿ ಇವತ್ತು ಗಿರಾಕಿಗಳಿಗೆ ಕೆಂಪು ಮಿಂಚು ಹೇಗೆ ಹುಟ್ಟುತ್ತದೆ ಅಂತ ಪಾಠ ಹೇಳುತ್ತಿದ್ದ. ಎಲ್ಲ ತಪ್ಪು.

ಮೇ 16, ಶುಕ್ರವಾರ

ನನ್ನ ಹೆಸರು ಪತ್ರಿಕೆಯಲ್ಲಿ ಬಂತು! ಹುಟ್ಟಿದ ಮೇಲೆ ಮೊದಲ ಸಲ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ, ಮರೆಯಬಾರದು ನೋಡು.

"ಹನೂರಿನ ಕೆಂಪು ಮಿಂಚು ನಕಲಿ? ಫೋಟೋದ ಸಮಯದಲ್ಲಿ ಆ ದಿಕ್ಕಿನಲ್ಲಿ ದೊಡ್ಡ ಮಿಂಚು ದಾಖಲಾಗಿಲ್ಲ, ನಕ್ಷತ್ರಗಳ ಸ್ಥಾನವೂ ಹೊಂದುತ್ತಿಲ್ಲ ಎಂದು ಸಂಶೋಧಕರು ತಿಳಿಸಿದ್ದಾರೆ. ಈ ಬಗ್ಗೆ ಕೇಳಿದಾಗ ಸ್ಟುಡಿಯೋ ಮಾಲೀಕ ಮೂರ್ತಿ, ಫೋಟೋ ತೆಗೆದದ್ದು ಮತ್ತು ಕಂಪ್ಯೂಟರಿನಲ್ಲಿ ತಿದ್ದಿದ್ದು ತಮ್ಮ ಪತ್ನಿ ಪ್ರೇಮಾ, ತಮಗೇನೂ ಗೊತ್ತಿಲ್ಲ ಎಂದರು."

ಗೊತ್ತಿಲ್ಲವಂತೆ! ಹಾರ, ಶಾಲು ಹಾಕಿಸಿಕೊಳ್ಳುವಾಗ ತಪಸ್ಸು ಅವನದು. ನಕಲಿ ಅಂದ ತಕ್ಷಣ ಹೆಂಡತಿಯದು. ಮಧುಶ್ರೀ ಪಾಪ ನಕಲಿ ಅಂತ ಎಲ್ಲೂ ಹೇಳಿಲ್ಲ, ಮೇಲ್ ನಾನು ಓದಿದ್ದೇನೆ. ತಾಳೆಯಾಗುತ್ತಿಲ್ಲ, ದಾಖಲೆಗೆ ಸೇರಿಸಲಾಗುವುದಿಲ್ಲ, ಅಷ್ಟೇ. ಶಾಂತರಾಜು ಅದಕ್ಕೆ ಒಗ್ಗರಣೆ ಹಾಕಿದ.

"ಎಂಗ್ ಬಾಯ್ ಬಂತು ಕಣ್ರಿ ನಿಮ್ಗೆ?" ಎಂದು ಕೇಳಿದೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಗೆ ಬಂದವರು ಇಬ್ಬರಿದ್ದರು. ಇರಲಿ, ಕೇಳಿಸಿಕೊಳ್ಳಲಿ.

"ನೀನೇ ಅಲ್ವಾ ನಂದು ಅಂತ ಏಳು ಅಂತಿದ್ದೋಳು? ಏಳಿದ್ನಲ್ಲ."

ಶಾಲನ್ನು ಕುರ್ಚಿಯಿಂದ ಕಿತ್ತು ನೆಲ ಒರೆಸಿದೆ. ಬಕೆಟ್ಟಿಗೆ ಅದ್ದಿ, ಹಿಂಡಿ, ಮೂಲೆಮೂಲೆಯನ್ನೂ ಒರೆಸಿದೆ. ಮೂರ್ತಿ ಬಾಗಿಲಲ್ಲಿ ನಿಂತು ನೋಡಿದ.

ಮೇ 18, ಭಾನುವಾರ, ಕೌದಳ್ಳಿ

ಎರಡು ದಿನದಿಂದ ಇಲ್ಲೇ ಇದ್ದೇನೆ. ಹನೂರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. "ನಮ್ ಫೋಟೋಗೂ ಒಂಚೂರು ಕೆಂಪ್ ಮಿಂಚು ಆಕ್ಬುಡಕ್ಕ" ಅಂತ ಒಬ್ಬ. "ಅಕ್ಕ, ನಮ್ ಅಳೇ ಎಮ್ಮೆ ಅದೆ, ಅದ್ಕೂ ಒಂದು ರೆಕ್ಕೆ ಅಚ್ಚು" ಅಂತ ಇನ್ನೊಬ್ಬ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಪುಟ್ಟಮಾದಮ್ಮ ಕೂಡ, "ಯಾಕ್ ಬೇಕಿತ್ತವ್ವ ನಿಂಗೆ?" ಎಂದಳು. ಅವಳ ಕಾಳಜಿ ನನಗೆ ಆ ಎಮ್ಮೆಗಿಂತ ಹೆಚ್ಚು ಚುಚ್ಚಿತು.

ನಾನು ತಿದ್ದಿಲ್ಲ. ಮೊಡವೆ ಅಳಿಸಿದ್ದೇನೆ, ಸತ್ತ ಮಾವಂದಿರನ್ನು ಗುಂಪು ಫೋಟೋದಲ್ಲಿ ತಂದು ನಿಲ್ಲಿಸಿದ್ದೇನೆ, ಕರಿಯರನ್ನು ಬಿಳಿಯರನ್ನಾಗಿ ಮಾಡಿದ್ದೇನೆ. ಈ ಒಂದೇ ಒಂದು ಫೋಟೋದಲ್ಲಿ ಒಂದು ಚುಕ್ಕೆಯನ್ನೂ ಮುಟ್ಟಿಲ್ಲ. ಇದೊಂದನ್ನೇ ಸುಳ್ಳು ಅನ್ನುತ್ತಾರೆ.

ಮಧ್ಯಾಹ್ನ ಮುದ್ದೆ ಉಣ್ಣುತ್ತಾ ಎಲ್ಲವನ್ನೂ ಅತ್ತೆಗೆ ಹೇಳಿಕೊಂಡು ಬೈದೆ. ಅವರ ಮಗನನ್ನೇ ಬೈದೆ, ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೆ ಕೇಳಿದರು. "ಎಷ್ಟೊತ್ಗೆ ಅಂತ ಬಂದದೆ ಅದ್ರಲ್ಲಿ?"

"ಒಂಬತ್ತು ಅದ್ನಾರು ಅತ್ತೆ."

"ಅದೆಂಗಾದದು? ನಂ ಧಾರಾವಾಯಿ ಮುಗ್ದ್ ಮ್ಯಾಲೆ ಅಲ್ವಾ ನಾ ಮ್ಯಾಕ್ಕೆ ಅತ್ತಿದ್ದು? ಮುಗಿಯದೇ ಒಂಬತ್ತೂವರೆಗೆ. ಕೆಂಪುಗೆ ಮಿಂಚಿದ್ದ ನಾ ನೋಡಿವ್ನಿ. ಧಾರಾವಾಯಿ ಬುಟ್ಟು ನಾ ಎದ್ ಬತ್ತಿದ್ನಾ?"

ಎಂಜಲು ಕೈಯಲ್ಲೇ ಎದ್ದು ಕ್ಯಾಮೆರಾ ತೆರೆದೆ. ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ಕ್ಯಾಮೆರಾದಲ್ಲಿ ಒಂದು ಮೂವತ್ತೈದು.

ಇಪ್ಪತ್ತೈದು ನಿಮಿಷ. ಕೆಂಪನಂಜಪ್ಪನ ಇಪ್ಪತ್ತೈದು ನಿಮಿಷ! ನಾಳೆ ಸರಿ ಮಾಡುತ್ತೇನೆ ಅಂತ ಬರೆದವಳು ಮರುದಿನ ಬೆಳಿಗ್ಗೆ ಮೋಡ ಅಂದ ತಕ್ಷಣ ಬಸ್ಸಿಗೆ ಓಡಿದ್ದೆ. ಆಮೇಲೆ ಒಂದು ವಾರ ಸಿಟ್ಟಿನಲ್ಲೇ ಕಳೆದೆ. ಗಡಿಯಾರ ಪಕ್ಕಾ ಅಂತ ತಲೆ ಆಡಿಸಿದ್ದೂ ನಾನೇ. ನನ್ನ ತಲೆಗಿಷ್ಟು ಬೆಂಕಿ ಹಾಕ.

ಮೇ 19, ಸೋಮವಾರ

ಮೂರ್ತಿಗೆ ಹೇಳಿದೆ. ಖುಷಿ ಪಡುತ್ತಾನೆ ಅಂದುಕೊಂಡಿದ್ದೆ, ನನಗೆ ಬುದ್ಧಿ ಯಾವಾಗ ಬರುತ್ತದೋ. ಬೆಳ್ಳಗೆ ಬಿಳುಚಿಕೊಂಡ.

"ಬಾಯ್ ಮುಚ್ಕಂಡಿರು. ಮೂರ್ನೇ ತಾರೀಕು ನಮ್ ಕ್ಯಾಮ್ರಾ ಇಪ್ಪತ್ತೈದು ನಿಮ್ಷ ಇಂದಿತ್ತು ಅಂದ್ರೆ ಎರಡ್ನೇ ತಾರೀಕು ಯಾರ್ ಮದ್ವೆ ಅಂತ ಕೇಳಕ್ಕಿಲ್ವಾ? ಕೆಂಪನಂಜಪ್ಪನ ಮಾನ ಓದ್ರೆ ನಾವು ಅಂಗ್ಡಿ ಬಾಗ್ಲೆಳ್ಕಬೇಕು."

"ನನ್ ಮಾನ?"

"ನಿಂದೇನೋಯ್ತು? ನಾಕ್ ದಿನ ನಕ್ಕಂಡು ಮರ್ತೋಯ್ತರೆ."

ತಟ್ಟೆ ಎತ್ತಿ ಗೋಡೆಗೆ ಅಪ್ಪಳಿಸಿದೆ. ಸ್ಟೀಲಿನದು, ಏನೂ ಆಗಲಿಲ್ಲ. 

ಕೆಂಪನಂಜಪ್ಪನ ಸುಳ್ಳು ನಿಜವಾಗಿ ಉಳಿಯಬೇಕಾದರೆ ನನ್ನ ನಿಜ ಸುಳ್ಳಾಗಿಯೇ ಇರಬೇಕಂತೆ. ಯಾವ ನ್ಯಾಯ ಇದು? ನಾಳೆ ಮಧುಶ್ರೀಗೆ ಫೋನ್ ಮಾಡುತ್ತೇನೆ. ಯಾರ ಮಾನವಾದರೂ ಹಾಳಾಗಿ ಹೋಗಲಿ.

ಮೇ 20, ಮಂಗಳವಾರ

ನನ್ನ ಫೋನಿನಿಂದಲೇ ಮಾಡಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಜೋರಾಗಿ ಬಂತು. "ಆ ಫೋಟೋ ತೆಗೆದವಳು ನಾನು ಮೇಡಂ, ಪ್ರೇಮಾ. ಅವತ್ತು ಉತ್ತರ ಹೇಳಿದ್ದೂ ನಾನೇ, ಪಕ್ಕದಲ್ಲಿ ನಿಂತು."

"ಯಾರೋ ಪಿಸುಗುಡೋದು ಕೇಳಿಸ್ತಿತ್ತು" ಎಂದರು.

ಅವರು ಹೇಳಿದಂತೆ ಮಾಡಿದೆ. ಫೋನಿನ ಪರದೆಯಲ್ಲಿ ಸೆಕೆಂಡು ಸಮೇತ ಸಮಯ ಬರುವ ಹಾಗೆ ಇಟ್ಟು, ಕ್ಯಾಮೆರಾದಿಂದ ಅದರ ಫೋಟೋ ತೆಗೆದು ಕಳಿಸಿದೆ. ಎರಡರ ನಡುವೆ ಇಪ್ಪತ್ತೈದು ನಿಮಿಷ, ಹನ್ನೊಂದು ಸೆಕೆಂಡು. ಎರಡು ಗಂಟೆ ಕಾದೆ. ಅಡಿಗೆ ಮಾಡಲಿಲ್ಲ, ಮೂರ್ತಿ ಕೇಳುವ ಧೈರ್ಯ ಮಾಡಲಿಲ್ಲ.

"ಪ್ರೇಮಾ ಅವರೇ, ಸಿಕ್ತು! ಒಂಬತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ತಿರುವಣ್ಣಾಮಲೈ ಹತ್ತಿರ ದೊಡ್ಡ ಮಿಂಚು ಬಿದ್ದಿದೆ. ಸೆಕೆಂಡಿಗೆ ಸೆಕೆಂಡು ಕೂತ್ಕೊಳ್ತು. ನಕ್ಷತ್ರಗಳೂ ಸರಿಯಾದವು. ನಿಮಗೆ ನಮ್ಮಿಂದ ತಪ್ಪಾಯ್ತು. ಪತ್ರಿಕೆಗೆ ಶುಕ್ರವಾರ ಬರೆದು ಕಳಿಸ್ತೀನಿ, ಕ್ಯಾಮೆರಾದ ಗಡಿಯಾರ ಇಪ್ಪತ್ತೈದು ನಿಮಿಷ ಹಿಂದಿತ್ತು ಅಂತ. ಭಾನುವಾರ ಬರಬಹುದು."

"ಕಳಿಸಿ ಮೇಡಂ, ನನ್ ಹೆಸರು ದೊಡ್ಡದಾಗಿ ಬರ್ಲಿ" ಎಂದೆ.

ಮೂರ್ತಿ ಎಲ್ಲ ಕೇಳಿಸಿಕೊಂಡು ಹೊರಗೆ ಹೋದ. ಕೆಂಪನಂಜಪ್ಪನಿಗೆ ಫೋನ್ ಮಾಡಲು ಹೋದ ಅಂತ ಗೊತ್ತು. ಮಾಡಲಿ. ಭಾನುವಾರಕ್ಕೆ ಹತ್ತು ಪ್ರತಿ ಕೊಂಡು ಎಮ್ಮೆಯವನ ಮನೆಗೂ ಒಂದು ಹಾಕಿ ಬರುತ್ತೇನೆ.

ಮೇ 22, ಗುರುವಾರ

ಕೆಂಪನಂಜಪ್ಪ ಬರುತ್ತಾರೆ ಅಂದುಕೊಂಡಿದ್ದೆ. ಬೈಗುಳವನ್ನೆಲ್ಲ ಸಿದ್ಧ ಮಾಡಿ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಬಂದವಳು ಶೃತಿ. ಒಬ್ಬಳೇ, ಯಳಂದೂರಿನ ಗಂಡನ ಮನೆಯಿಂದ ಬಸ್ಸಿನಲ್ಲಿ. ಮೂರ್ತಿ ಎಲ್ಲೋ ಹೋಗಿದ್ದ.

"ಅಪ್ಪ ಕಳಿಸ್ಲಿಲ್ಲ ಅಕ್ಕ. ಪೇಪರ್‌ಗೆ ಬರುತ್ತೆ ಅಂತ ಫೋನಲ್ಲಿ ಹೇಳಿದ್ರು, ನಾನು ಬಂದದ್ದು ಅವ್ರಿಗೆ ಗೊತ್ತಿಲ್ಲ."

"ಯಾರ್ ಕಳಿಸಿದ್ರೂ ಅಷ್ಟೇ ಕಣಮ್ಮ. ನಾನು ನಿಲ್ಸದಿಲ್ಲ" ಎಂದೆ. ಕೂತುಕೋ ಅಂತಲೂ ಹೇಳಲಿಲ್ಲ.

ನಿಂತೇ ಹೇಳಿದಳು. ಹೋದ ವಾರ ಅವಳ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಬಿದ್ದ ದಿನವೇ ಅಜ್ಜಿ ಚನ್ನಾಜಮ್ಮ ಮದುವೆಯ ವಿಡಿಯೋ ಹಾಕಿಸಿದರಂತೆ. ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ತಾಳಿ ಕಟ್ಟುವ ಜಾಗದಲ್ಲಿ ನಿಲ್ಲಿಸಿ, ಕನ್ನಡಕ ಏರಿಸಿ ಸಮಯ ಓದಿದರಂತೆ. ಹತ್ತು ಹದಿನೆಂಟು. "ಮೂರ್ತದಲ್ಲೇ ಆಗದೆ. ಕೂಸಿನ ಕಾಲ್ಗುಣ ಅನ್ನೋರ ನಾಲ್ಗೆ ಬಿದ್ದೋಗ" ಎಂದು ಸೊಸೆಯಂದಿರ ಬಾಯಿ ಮುಚ್ಚಿಸಿದರಂತೆ.

"ಅವತ್ತು ಗಡಿಯಾರ ನಾನೂ ನೋಡ್ದೆ ಅಕ್ಕ. ನೀವು ಫೋಟೋ ತೆಗೀತಾ ಇದ್ರಿ. ಆ ಮಿಂಚಿನ ಫೋಟೋ ಪೇಪರ್‌ನಲ್ಲಿ ಬಂದಾಗ್ಲೇ ನಂಗೊತ್ತಾಯ್ತು, ಇದು ಮೂರ್ತಣ್ಣ ಅಲ್ಲ, ನೀವು ತೆಗೆದದ್ದು ಅಂತ. ನಮ್ ಮದ್ವೇಲಿ ಅಣ್ಣ ಬರೀ ವಿಡಿಯೋ ಹಿಡ್ಕೊಂಡಿದ್ರು. ಫೋಟೋ ಎಲ್ಲ ನಿಮ್ದೇ ಅಲ್ವಾ?"

ಈ ಮೂರು ವಾರದಲ್ಲಿ ಹೊರಗಿನವರು ಒಬ್ಬರಾದರೂ ಈ ಮಾತು ಕೇಳಿರಲಿಲ್ಲ. ಕೇಳಿದವಳು ಇವಳಾಗಬೇಕಿತ್ತೇ!

"ಈಗ ನಿಲ್ಸಿ ಅಂತ ಕೇಳಕ್ಕೆ ಬಂದ್ಯಾ?"

"ಇಲ್ಲ ಅಕ್ಕ. ನಿಮ್ದು ನಿಜ, ನಿಲ್ಸಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಯಾವ ದಿನ ಬರುತ್ತೆ ಅಂತ ಹೇಳಿ. ಅವತ್ತು ತೌರಿಗೆ ಬಂದಿರ್ತೀನಿ. ಅಜ್ಜಿ ಪೇಪರ್ ಒಂದಕ್ಷರ ಬಿಡದಂಗೆ ಓದ್ತಾರೆ. ಅವ್ರು ಓದೋವಾಗ ನಾನು ಎದುರಿಗೆ ಇರೋದು ಬೇಡ."

ಸಿಟ್ಟು ಬಂತು. ಅಳುತ್ತಾ ಕಾಲಿಗೆ ಬಿದ್ದಿದ್ದರೆ ಎಬ್ಬಿಸಿ ಕಳಿಸಿಬಿಡುತ್ತಿದ್ದೆ. ಬಸ್ಸಿನ ಸಮಯ ಕೇಳಿದ ಹಾಗೆ ಕೇಳಿದಳಲ್ಲ, ಅದಕ್ಕೆ ಏನು ಹೇಳುವುದು? ಅವಳ ಅಪ್ಪನ ಮೇಲೆ ಸಿಟ್ಟು, ತಾಳಿ ತಂದ ಆ ಮಾವನ ಮೇಲೆ ಸಿಟ್ಟು, ಮುನ್ನೂರು ಫೋನುಗಳ ಮೇಲೆ ಸಿಟ್ಟು. ಗಡಿಯಾರ ತಿರುಗಿಸಿದವರು ಯಾರೋ, ತೌರಿಗೆ ಬರುವವಳು ಇವಳು. ಹುಡುಗಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಕಾಲಲ್ಲಿ ಕಾಲುಂಗುರ ಇನ್ನೂ ಹೊಸದು, ಹೆಬ್ಬೆರಳ ಪಕ್ಕದಲ್ಲಿ ಕೆಂಪಗೆ ಉಜ್ಜಿ ಗಾಯವಾಗಿತ್ತು.

"ಕೂತ್ಕೊ" ಎಂದೆ. ಟೀ ಮಾಡಿ ಕೊಟ್ಟೆ. ಕಾಲುಂಗುರಕ್ಕೆ ಒಂದು ಸುತ್ತು ದಾರ ಸುತ್ತಿಕೊಟ್ಟೆ. ದಿನ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಮೇ 23, ಶುಕ್ರವಾರ

ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಮಧುಶ್ರೀಗೆ ಫೋನ್ ಮಾಡಿದೆ.

"ಪತ್ರಿಕೆಗೆ ಏನೂ ಕಳಿಸಬೇಡಿ ಮೇಡಂ."

"ಯಾಕೆ? ನಿಮ್ಮನ್ನ ನಕಲಿ ಅಂದವರು ಅವರು. ನಿಮ್ಮ ಹೆಸರು ಸರಿಹೋಗೋದು ಬೇಡ್ವಾ?"

"ಬೇಕು" ಎಂದೆ. "ಬಹಳ ಬೇಕು. ಆದ್ರೆ ಕಳಿಸಬೇಡಿ. ಕಾರಣ ಕೇಳಬೇಡಿ."

ಕೇಳಲಿಲ್ಲ, ಒಳ್ಳೆಯ ಹೆಂಗಸು. ತಮ್ಮ ದಾಖಲೆಯಲ್ಲಿ ಸರಿಯಾದ ಸಮಯವನ್ನಷ್ಟೇ ಬರೆಯುತ್ತೇನೆ, ಗಡಿಯಾರದ ಸುದ್ದಿ ಬೇಡ ಎಂದರು. ನೋಡಿದವರ ಹೆಸರು ಏನು ಹಾಕಲಿ ಅಂತ ಕೇಳಿದರು. ಪ್ರೇಮಾ ಅಂದೆ. ಸ್ವಲ್ಪ ತಡೆದು, ಶಿವನಂಜಮ್ಮ ಅಂತ ನಮ್ಮತ್ತೆಯ ಹೆಸರನ್ನೂ ಹಾಕಿ, ಕಣ್ಣಾರೆ ನೋಡಿದವರು ಅವರೇ ಎಂದೆ. ಅರ್ಧ ಗಂಟೆಯಲ್ಲಿ ಮೇಲ್ ಬಂತು. ಮೇ 3, ರಾತ್ರಿ 9:41, ಕೌದಳ್ಳಿ, ಪ್ರೇಮಾ ಮತ್ತು ಶಿವನಂಜಮ್ಮ. ನಾಲ್ಕು ಸಲ ಓದಿದೆ.

ಅತ್ತೆಗೂ ಫೋನ್ ಮಾಡಿ ಧಾರಾವಾಹಿಯ ವಿಷಯ ಯಾರ ಹತ್ತಿರವೂ ಆಡಬೇಡಿ ಎಂದೆ. "ನಾ ಯಾರ್ಗೇಳಾನ ಕೂಸೆ? ನನ್ ಮಾತ ಯಾರ್ ಕೇಳರು?" ಎಂದರು.

ಸುಮ್ಮನಿದ್ದೇನೆ ಅಂತ ಸಿಟ್ಟು ಹೋಗಿಲ್ಲ. ಕೆಂಪನಂಜಪ್ಪ ಎದುರಿಗೆ ಬಂದರೆ ಇವತ್ತೂ ಅಂದೇ ಅನ್ನುತ್ತೇನೆ. ಅವರಿಗೋಸ್ಕರ ಅಲ್ಲ ಇದು, ಆ ಮನೆತನದ ಮಾನಕ್ಕೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮೂರ್ತಿ ಮೆಲ್ಲಗೆ ಕೇಳಿದ. ಎರಡು ದಿನದಿಂದ ಯೋಚಿಸಿಟ್ಟುಕೊಂಡ ದನಿ. "ಆ ಮೇಡಂ ಏನಂದ್ರು? ತಾಳೆ ಆಯ್ತು ಅಂದ್ರಲ್ಲ? ಪೇಪರ್‌ನೋರು ಬಂದ್ರೆ ಇಬ್ರೂ ಸೇರಿ ತಗ್ದಿದ್ದು ಅನ್ನುವ. ಅಂಗ್ಡಿ ಎಸ್ರು ಅದ್ರಲ್ಲಿ ಅದಲ್ಲ, ಎಂಗೂ."

ಅನ್ನ ಕಲೆಸುತ್ತಿದ್ದ ಅವನ ಕೈ ನೋಡಿದೆ. ಗಡಿಯಾರದ ಸುದ್ದಿ ಪತ್ರಿಕೆಗೆ ಹೋಗುವುದಿಲ್ಲ ಅಂತ ಬೆಳಿಗ್ಗೆ ಹೇಳಿದ್ದೆ. ಆ ಭಯ ಆಗಲೇ ಇಳಿದಿತ್ತು, ಶಾಲಿನ ಆಸೆ ಮತ್ತೆ ಏರಿತ್ತು.

"ಇಲ್ಲ ಕಣ್ರಿ. ಮತ್ತೆ ನೋಡಿದ್ರಂತೆ, ತಾಳೆ ಆಗ್ನಿಲ್ವಂತೆ. ನಕಲಿನೇ ಅಂತೆ."

"ನಂಗೊತ್ತಿತ್ತು ಬುಡು. ನೀನು ಕಂಪ್ಯೂಟರ್ ಮುಂದೆ ಕುಂತು ಏನೋ ಕಿತಾಪತಿ ಮಾಡಿದ್ದೆ. ಅದ್ರಲ್ಲಿ ನಂದೇನೂ ಇಲ್ಲಪ್ಪ."

"ಊಂ. ನಿಮ್ದೇನೂ ಇಲ್ಲ. ಪೂರ್ತಿ ನಂದೇ."

ಅವನು ನೆಮ್ಮದಿಯಿಂದ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಫೋಟೋ ನಿಜ ಅಂತ ಊರಿಗೆ ಗೊತ್ತಾದ ದಿನ ಅದು ಮತ್ತೆ ಮೂರ್ತಿ ಡಿಜಿಟಲ್ಸ್‌ನದಾಗುತ್ತದೆ. ಸುಳ್ಳು ಅಂದುಕೊಂಡಿರುವಷ್ಟು ದಿನ ನನ್ನೊಬ್ಬಳದೇ. ಅಂದುಕೊಂಡಿರಲಿ.

ಊಟವಾದ ಮೇಲೆ ಕ್ಯಾಮೆರಾದ ಗಡಿಯಾರವನ್ನು ಸೆಕೆಂಡು ಸಮೇತ ಸರಿ ಮಾಡಿದೆ. ಅತ್ತೆ ಮತ್ತೆ ಫೋನ್ ಮಾಡಿದ್ದರು, ಮೂಡಲಲ್ಲಿ ಮೋಡ ಎದ್ದಿದೆಯಂತೆ. ನಾಲ್ಕೂವರೆ ಬಸ್ಸಿಗೆ ಹೊರಟಿದ್ದೇನೆ.